ಹಳೇ ಬ್ಲೇಡಿನ ಗತಿ

ಗಡ್ಡ ತೆಗೆಯುವುದಕ್ಕೆ ‘ಗಡ್ಡ ಮಾಡಿಕೊಳ್ಳುವುದು’ ಎನ್ನುವ ಜನ ನಾವು. ಬಿಟ್ಟವನ ಮುಖದಲ್ಲಿ ಗಡ್ಡ ಇರುತ್ತದೆ, ಮಾಡಿಕೊಂಡವನ ಮುಖದಲ್ಲಿ ಇರುವುದಿಲ್ಲ. ಉತ್ತರ ಕರ್ನಾಟಕದವರೂ ಅಷ್ಟೇ, ‘ದಾಡಿ ಮಾಡಿಸ್ಕೊಂಡು ಬರ್ತೀನಿ’ ಎಂದು ಹೊರಟು ಇದ್ದ ದಾಡಿಯನ್ನೂ ಕಳೆದುಕೊಂಡು ಬರುತ್ತಾರೆ. ಮನೆ ಮಾಡಿದ, ಸಾಲ ಮಾಡಿದ, ಗಡ್ಡ ಮಾಡಿದ. ಮೊದಲೆರಡರಲ್ಲಿ ಕೊನೆಗೆ ಏನಾದರೂ ಉಳಿಯುತ್ತದೆ, ಸಾಲವಾದರೂ ಉಳಿಯುತ್ತದೆ. ಕನ್ನಡ ಕಲಿಯಲು ಬಂದವರಿಗೆ ಇದನ್ನು ವಿವರಿಸುವ ಗೋಜಿಗೆ ನಾನಂತೂ ಹೋಗುವುದಿಲ್ಲ.

ಮಾಡುವ ಸಾಧನದ ಹೆಸರಿನಲ್ಲೂ ನಮ್ಮದು ಇದೇ ಧಾರಾಳ. ಹಿಂದಿನವರು ಅದನ್ನು ಬರೀ ಕತ್ತಿ ಅನ್ನುತ್ತಿದ್ದರು. ಯುದ್ಧಕ್ಕೆ ಹೋದರೂ ಕತ್ತಿ, ಸೊಪ್ಪು ಕೊಯ್ದರೂ ಕತ್ತಿ, ಗಲ್ಲದ ಮೇಲೆ ಆಡಿದರೂ ಕತ್ತಿ. ಯಾವ ಕತ್ತಿ ಎಂಬುದು ಹಿಡಿದವರನ್ನು ನೋಡಿದರೆ ತಿಳಿಯುತ್ತಿತ್ತು. ಕಲಬುರಗಿ, ಬೀದರ ಕಡೆ ಉರ್ದುವಿನ ಉಸ್ತರಾ ನಡೆಯುತ್ತದೆ. ಸಂಸ್ಕೃತದ ಕ್ಷುರ ನಮ್ಮ ಮನೆಗಳೊಳಗೆ ಬರಲೇ ಇಲ್ಲ. ಅದರ ಮಗ ಕ್ಷೌರ ಮಾತ್ರ ಅಂಗಡಿಯ ಬೋರ್ಡಿನ ಮೇಲೆ ಹತ್ತಿ ಕುಳಿತ. ಮಡಿವಂತರು ಕ್ಷೌರ ಎನ್ನುವುದಕ್ಕೂ ಸಂಕೋಚಪಟ್ಟು ಆಯುಷ್ಕರ್ಮ ಎನ್ನುತ್ತಿದ್ದರು. ಬೇರೆಯವರ ಕೈಯ ಹರಿತವಾದ ಕತ್ತಿಗೆ ಕುತ್ತಿಗೆ ಕೊಟ್ಟು ಎದ್ದು ಬಂದವರಿಗೆ ಆಯುಸ್ಸು ಗಟ್ಟಿ ಎಂದು ಅನ್ನಿಸಿದ್ದರೆ ತಪ್ಪೇನಿಲ್ಲ.

ಆಮೇಲೆ ಬಂದದ್ದು ರೇಜರ್. ಕೆರೆಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನ ಮೊಮ್ಮಗ ಅದು. ಬರೆದದ್ದನ್ನು ಅಳಿಸುವ ಇರೇಸರ್ ಕೂಡ ಅದೇ ವಂಶದ್ದು. ‘ಹೋಗಿ ಗಡ್ಡ ಕೆರೆಸ್ಕಂಡು ಬಾರೋ’ ಎಂದು ಗದರುವ ನಮ್ಮ ಕಡೆಯ ಅಜ್ಜಂದಿರು ಲ್ಯಾಟಿನ್ ಕಲಿತವರಲ್ಲ, ಆದರೆ ಕೆಲಸ ಏನೆಂದು ಅವರಿಗೂ ರೋಮಿನವರಿಗೂ ಒಂದೇ ರೀತಿ ಕಂಡಿದೆ. ಈಗ ಅಂಗಡಿಗೆ ಹೋಗಿ ರೇಜರ್ ಕೊಡಿ ಅಂದರೆ, ‘ಸೆಟ್ಟಾ, ಯೂಸ್ ಅಂಡ್ ಥ್ರೋನಾ?’ ಎಂದು ಕೇಳುತ್ತಾರೆ. ಬಳಸು, ಬಿಸಾಡು. ನನ್ನ ತಕರಾರು ಇರುವುದು ಈ ಎರಡನೆಯ ಮಾತಿನ ಬಗ್ಗೆ. ಅಲ್ಲಿಗೆ ಬರಲು ಸ್ವಲ್ಪ ಸುತ್ತು ಹಾಕಬೇಕು.

ತಾತನಿಗೆ ಹದಿನೈದು ದಿನಕ್ಕೊಮ್ಮೆ ಕೆಲಸಿ ಮನೆಗೇ ಬರುತ್ತಿದ್ದರು. ಕೆಲಸಿ ಎಂಬುದೇ ಆ ಕಸುಬಿನವರ ಹೆಸರು, ಊರಿನಲ್ಲಿ ಮಿಕ್ಕವರು ಮಾಡುವುದು ಯಾವುದೂ ಕೆಲಸವೇ ಅಲ್ಲ ಎಂಬಂತೆ. ಹಿತ್ತಲ ನುಗ್ಗೇಮರದ ಕೆಳಗೆ ಮಣೆ ಹಾಕಿ ಕೂತರೆ ತಾತ ಮತ್ತೆ ಸ್ನಾನವಾಗುವ ತನಕ ಒಳಗೆ ಕಾಲಿಡುವಂತಿರಲಿಲ್ಲ. ದಿನ ನೋಡಬೇಕಾಗಿತ್ತು. ಮಂಗಳವಾರ, ಶುಕ್ರವಾರ ಆಗದು, ಅಮಾವಾಸ್ಯೆ ಆಗದು, ಹುಟ್ಟಿದ ನಕ್ಷತ್ರ ಆಗದು. ಪಂಚಾಂಗವನ್ನೆಲ್ಲ ಕಳೆದು ಉಳಿದ ದಿನ ಕೆಲಸಿಗೆ ಬಿಡುವಿರಬೇಕು.

ತೊಗಲಿನ ಹಡಪ ಬಿಚ್ಚಿದರೆ ಒಳಗೆ ಕೋಡಿನ ಹಿಡಿಯಲ್ಲಿ ಮಡಿಸಿಟ್ಟ ಕತ್ತಿ, ಅಂಗೈಯಗಲದ ಕಪ್ಪು ಮಸೆಗಲ್ಲು, ಒಂದು ತೊಗಲಿನ ಪಟ್ಟಿ, ಹಿತ್ತಾಳೆ ಬಟ್ಟಲು, ಪಾದರಸ ಎದ್ದುಹೋದ ಕನ್ನಡಿ. ಕಲ್ಲಿಗೆ ಎರಡು ಹನಿ ನೀರು ಬಿಟ್ಟು ಕತ್ತಿಯನ್ನು ಆ ಮಗ್ಗುಲು ಈ ಮಗ್ಗುಲು ಎಳೆಯುತ್ತಿದ್ದರು. ಆಮೇಲೆ ಪಟ್ಟಿಯ ಮೇಲೆ ಸವರಿ, ಕೊನೆಗೆ ತಮ್ಮ ಮುಂಗೈ ಕೂದಲ ಮೇಲೆ ಒಂದು ಸಲ ಆಡಿಸಿ ನೋಡುತ್ತಿದ್ದರು. ಆ ಮುಂಗೈಯಲ್ಲಿ ಎಂಟಾಣೆ ಅಗಲದ ಬೋಳು ಜಾಗ ಯಾವಾಗಲೂ ಇರುತ್ತಿತ್ತು. ಸೋಪಿನ ಮಾತೇ ಇಲ್ಲ. ಬಟ್ಟಲ ನೀರನ್ನು ಗಲ್ಲಕ್ಕೆ ತಟ್ಟಿ, ತಿಕ್ಕಿ, ಮತ್ತೆ ತಟ್ಟಿ ಕೂದಲನ್ನು ಮೆದು ಮಾಡುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಅಷ್ಟು ಮಾಡಿದರೂ ತಾತನ ಕಣ್ಣಲ್ಲಿ ನೀರು ಬರುವುದು ತಪ್ಪುತ್ತಿರಲಿಲ್ಲ.

ಊರಿಗೆಲ್ಲ ಎದುರು ಮಾತಾಡುವ ತಾತ ಕತ್ತಿ ಗಂಟಲ ಮೇಲಿರುವಾಗ ‘ಹೂಂ’ ಅನ್ನುವುದಕ್ಕೂ ಹೆದರುತ್ತಿದ್ದ. ಕೆಲಸಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅವರೂ ಒಬ್ಬರು. ಅವರಿಗೆ ದುಡ್ಡಿನ ಲೆಕ್ಕವಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ಮನೆಗಿಷ್ಟು ಎಂದು ರಾಗಿ ಅಳೆಸಿಕೊಂಡು ಹೋಗಬೇಕು. ‘ಹೋದ ಸುಗ್ಗಿಯದು ಎರಡು ಸೇರು ಹಂಗೇ ನಿಂತದೆ ಯಜಮಾನ್ರೇ’ ಎಂಬ ಮಾತನ್ನು ಅವರು ಮಣೆ ಹಾಕುವಾಗಲೂ ಆಡುತ್ತಿರಲಿಲ್ಲ, ಹೊರಡುವಾಗಲೂ ಆಡುತ್ತಿರಲಿಲ್ಲ. ತಾತನ ಗದ್ದವನ್ನು ಎರಡು ಬೆರಳಲ್ಲಿ ಮೇಲೆತ್ತಿ ಗಂಟಲ ಗುಳ್ಳೆಯ ಹತ್ತಿರ ಕತ್ತಿ ತಂದಾಗ ಆಡುತ್ತಿದ್ದರು. ಆ ಬಾಕಿ ತೀರದೆ ಉಳಿದದ್ದನ್ನು ನಾನು ಕೇಳಿಲ್ಲ.

ಇಷ್ಟು ನಂಬಿಕೆಯ ಮೇಲೆ ನಿಂತ ಕಸುಬಿನ ಇನ್ನೊಂದು ಹೆಸರನ್ನೇ ಬೈಗುಳ ಮಾಡಿಕೊಂಡದ್ದು ನಾವು ಮಾಡಿದ ಹೊಲಸು ಕೆಲಸ. ಆ ಮಾತು ಆಡಬೇಡಿ ಎಂದು ಆ ಸಮುದಾಯದವರು ಎಷ್ಟೋ ಕಾಲದಿಂದ ಹೇಳುತ್ತಿದ್ದಾರೆ, ನ್ಯಾಯವಾಗಿಯೇ ಹೇಳುತ್ತಿದ್ದಾರೆ. ದಕ್ಷಿಣದಲ್ಲಿ ಅವರು ಸವಿತಾ ಸಮಾಜ, ಉತ್ತರದಲ್ಲಿ ಹಡಪದ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಎಲೆಅಡಿಕೆಯ ಹಡಪ ಹಿಡಿದು ಸದಾ ಜೊತೆಗಿದ್ದ ಅಪ್ಪಣ್ಣ ಅವರ ಹಿರಿಯ. ಆತ ವಚನಕಾರ, ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಮನೆಯಲ್ಲಿ ಗಂಡಹೆಂಡಿರಿಬ್ಬರೂ ಬರೆದು, ಇಬ್ಬರ ಬರಹವೂ ಎಂಟುನೂರು ವರ್ಷ ಉಳಿದದ್ದು ಎಷ್ಟು ಮನೆಗಳಲ್ಲಿ ಸಿಕ್ಕೀತು?

ಕತ್ತಿ ನಮ್ಮ ಮಾತಿನೊಳಗೂ ಸಾಕಷ್ಟು ಆಡಿದೆ. ಮೋಸ ಹೋದವನು ‘ನುಣ್ಣಗೆ ಬೋಳಿಸಿಬಿಟ್ಟ ಕಣೋ’ ಎನ್ನುತ್ತಾನೆ. ಆ ‘ನುಣ್ಣಗೆ’ಯಲ್ಲಿ ದುಃಖದ ಜೊತೆಗೆ ಬೋಳಿಸಿದವನ ಕೈಚಳಕಕ್ಕೆ ಒಂದು ಸಣ್ಣ ಮೆಚ್ಚುಗೆಯೂ ಸೇರಿರುತ್ತದೆ. ಪಂಥ ಕಟ್ಟುವವರು ಮೀಸೆಯನ್ನು ಅಡ ಇಡುತ್ತಾರೆ. ‘ಹಂಗಾಗಲಿಲ್ಲ ಅಂದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ.’ ಪೂರ್ತಿ ಮೀಸೆಯಾದರೆ ಅದು ಶೋಕಿಯಾದೀತು, ಅರ್ಧವೇ ಅವಮಾನ ಎಂಬ ಲೆಕ್ಕಾಚಾರ ಇಲ್ಲಿ ಸೂಕ್ಷ್ಮವಾಗಿದೆ. ಪ್ರತಿ ಚುನಾವಣೆಯಲ್ಲೂ ಊರೂರಲ್ಲಿ ಎಷ್ಟೋ ಮೀಸೆಗಳು ಹೀಗೆ ಪಣಕ್ಕೆ ಬೀಳುತ್ತವೆ. ಎಣಿಕೆಯ ಮರುದಿನ ಎಲ್ಲ ಮೀಸೆಗಳೂ ಎರಡೂ ಕಡೆ ಸಮವಾಗಿಯೇ ಚಹದಂಗಡಿಗೆ ಬರುತ್ತವೆ. ಪಕ್ಕದ ರಾಜ್ಯಗಳಲ್ಲಿ ಬ್ಲೇಡಿಗೆ ಬೇರೆ ಉದ್ಯೋಗ ಸಿಕ್ಕಿದೆ. ಕೇರಳದಲ್ಲಿ ಬ್ಲೇಡ್ ಕಂಪನಿ ಎಂದರೆ ಮೀಟರ್ ಬಡ್ಡಿಗೆ ಸಾಲ ಕೊಡುವವರು. ತಮಿಳರಲ್ಲಿ ಬ್ಲೇಡ್ ಹಾಕುವುದೆಂದರೆ ಬಿಡದೆ ಮಾತಾಡಿ ಪ್ರಾಣ ತಿನ್ನುವುದು. ನಾವು ಆ ಕೊನೆಯ ಕೆಲಸವನ್ನು ಬೈರಿಗೆಗೆ ವಹಿಸಿದ್ದೇವೆ, ಕೊರೆಯುತ್ತೇವೆ. ನಿಧಾನ, ಆದರೆ ಆಳಕ್ಕೆ ಹೋಗುತ್ತದೆ.

ದೊಡ್ಡವರ ಮಾತಿಗೂ ಕತ್ತಿಯ ಧಾರೆ ಬೇಕಾಗಿದೆ. ಆತ್ಮವನ್ನು ಅರಿಯುವ ದಾರಿ ಕ್ಷುರದ ಅಲಗಿನ ಮೇಲೆ ನಡೆದಷ್ಟು ಕಷ್ಟ ಎಂಬ ಹೋಲಿಕೆ ಕಠೋಪನಿಷತ್ತಿನಲ್ಲಿದೆ. ಸಾಮರ್‌ಸೆಟ್ ಮಾಮ್ ತನ್ನ 1944ರ ಕಾದಂಬರಿಗೆ ಹೆಸರು ಎತ್ತಿಕೊಂಡದ್ದು ಅಲ್ಲಿಂದಲೇ. ಅದಕ್ಕೆ ಮೊದಲು, 1938ರಲ್ಲಿ, ತಿರುವಣ್ಣಾಮಲೆಗೆ ಬಂದು ರಮಣ ಮಹರ್ಷಿಗಳನ್ನು ಕಂಡು ಹೋಗಿದ್ದ. ಇದೆಲ್ಲ ಸರಿ. ಉದ್ದ ಗಡ್ಡ ಬಿಟ್ಟ ನಮ್ಮ ಋಷಿಗಳಿಗೆ ಕ್ಷೌರದ ಕತ್ತಿಯ ಹರಿತ ಇಷ್ಟು ಚೆನ್ನಾಗಿ ಹೇಗೆ ಗೊತ್ತಾಯಿತು ಎಂದು ಮಾತ್ರ ಯಾವ ಭಾಷ್ಯಕಾರರೂ ಹೇಳುವುದಿಲ್ಲ.

ಇನ್ನೊಂದು ಕತ್ತಿ ತತ್ವಶಾಸ್ತ್ರದವರದು, ಆಕಮ್‌ನ ರೇಜರ್. ವಿಲಿಯಂ ಆಫ್ ಆಕಮ್ ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಫ್ರಾನ್ಸಿಸ್ಕನ್ ಸನ್ಯಾಸಿ. ಒಂದು ಸಂಗತಿಯನ್ನು ವಿವರಿಸಲು ಬೇಕಾದ್ದಕ್ಕಿಂತ ಹೆಚ್ಚು ಊಹೆಗಳನ್ನು ಕಟ್ಟಬೇಡಿ, ಹೆಚ್ಚಿನದನ್ನು ಹೆರೆದು ಹಾಕಿ ಎಂಬುದು ಅವನ ಹೆಸರಿನಲ್ಲಿ ನಡೆಯುತ್ತಿರುವ ಸೂತ್ರ. ರೇಜರ್ ಎಂಬ ಹೆಸರು ಅವನು ಇಟ್ಟದ್ದಲ್ಲ, ಸತ್ತು ಎಷ್ಟೋ ಕಾಲವಾದ ಮೇಲೆ ಬೇರೆಯವರು ಅಂಟಿಸಿದ್ದು. ಆ ಪಂಥದ ಸನ್ಯಾಸಿಗಳು ನೆತ್ತಿಯನ್ನು ಬಟ್ಟಲಗಲ ಬೋಳಿಸಿಕೊಳ್ಳುತ್ತಿದ್ದರು, ಆದ್ದರಿಂದ ನಿಜವಾದ ರೇಜರ್ ಕೂಡ ಅವನ ತಲೆಯ ಮೇಲೆ ಆಡಿರಲೇಬೇಕು. ನಮ್ಮ ಮನೆಯಲ್ಲಿ ಈ ಸೂತ್ರ ದಿನವೂ ಬಳಕೆಯಾಗುತ್ತದೆ. ನಾನು ತಡವಾಗಿ ಬಂದು ಟ್ರಾಫಿಕ್ಕು, ಮಳೆ, ಹಳೆಯ ಸ್ನೇಹಿತ ಎಂದು ಮೂರು ಕಾರಣ ಕೊಟ್ಟರೆ ಹೆಂಡತಿ ಆ ಮೂರನ್ನೂ ಒಂದೇ ಎಳೆತಕ್ಕೆ ಹೆರೆದು, ‘ಮರೆತ್ರಿ ಅನ್ನಿ’ ಎನ್ನುತ್ತಾಳೆ. ಅವಳು ಆಕಮ್‌ನನ್ನು ಓದಿಲ್ಲ. ಓದಿದ್ದರೆ ಇಷ್ಟು ಬೇಗ ಮುಗಿಸುತ್ತಿರಲಿಲ್ಲ.

ಈಗ ಬಿಸಾಡುವವನ ಕಥೆ. ಕಿಂಗ್ ಕ್ಯಾಂಪ್ ಜಿಲೆಟ್ ಅಮೆರಿಕದಲ್ಲಿ ಬಾಟಲಿಯ ಬಿರಡೆ ಮಾರುತ್ತಿದ್ದ ಸೇಲ್ಸ್‌ಮನ್. ಕಿಂಗ್ ಎಂಬುದು ಹೆಸರು, ಬಿರುದಲ್ಲ. ಆ ಬಿರಡೆಯನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೆ ಒಂದು ಬುದ್ಧಿ ಹೇಳಿದ: ಜನ ಒಂದು ಸಲ ಬಳಸಿ ಎಸೆದು ಮತ್ತೆ ಕೊಳ್ಳಲು ಬರುವಂಥದ್ದನ್ನು ಕಂಡುಹಿಡಿ. ಅಲ್ಲಿಯ ತನಕ ಲೋಕದಲ್ಲಿ ಒಳ್ಳೆಯ ಸಾಮಾನು ಎಂದರೆ ಬಾಳಿಕೆ ಬರುವ ಸಾಮಾನು. ಕ್ಷೌರದ ಕತ್ತಿಯನ್ನು ಅಪ್ಪ ಮಗನಿಗೆ ಕೊಟ್ಟು ಸಾಯುತ್ತಿದ್ದ. 1895ರ ಒಂದು ಬೆಳಗ್ಗೆ ಮೊಂಡು ಕತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಿದ್ದ ಜಿಲೆಟ್‌ಗೆ ಹೊಳೆಯಿತು. ಗಡ್ಡಕ್ಕೆ ತಾಗುವುದು ಅಲಗಿನ ಅಂಚು ಮಾತ್ರ, ಹಿಂದಿನ ಅಷ್ಟು ದಪ್ಪ ಉಕ್ಕು ಯಾಕೆ? ಕಾಗದದಷ್ಟು ತೆಳ್ಳಗಿನ ಉಕ್ಕಿನ ಹಾಳೆಯ ಎರಡಂಚನ್ನೂ ಮಸೆದರೆ ಸಾಕು, ಮೊಂಡಾದ ಮೇಲೆ ಬಿಸಾಡಬಹುದು.

ಹೊಳೆದದ್ದು ಸುಲಭ. ಅಷ್ಟು ತೆಳುವಾದ ಹಾಳೆಗೆ ಹದ ಕೊಟ್ಟು ಹರಿತ ನಿಲ್ಲಿಸುವುದು ಆಗದ ಮಾತು ಎಂದು ತಿಳಿದವರು ಹೇಳಿದರು. ಎಂಐಟಿಯಲ್ಲಿ ಓದಿದ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿಕೊಟ್ಟ. ಇಂಗ್ಲಿಷಿನಲ್ಲಿ ನಿಕ್ ಎಂದರೆ ಕೊಯ್ದ ಗಾಯ. ರೇಜರಿಗೆ ಅವನ ಹೆಸರಿಡದೆ ಜಿಲೆಟ್ ಎಂದಿಟ್ಟದ್ದು ಅದಕ್ಕೇ ಎಂಬ ತಮಾಷೆ ಇಂದಿಗೂ ನಡೆಯುತ್ತದೆ. 1903ರಲ್ಲಿ ಮಾರಾಟ ಶುರುವಾದಾಗ ಇಡೀ ವರ್ಷಕ್ಕೆ ಹೋದದ್ದು 51 ರೇಜರ್, 168 ಬ್ಲೇಡು. ಮರುವರ್ಷ ರೇಜರುಗಳೇ 90,000 ದಾಟಿದವು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ಸೈನಿಕರಿಗೆಂದು 35 ಲಕ್ಷ ರೇಜರ್, 3.2 ಕೋಟಿ ಬ್ಲೇಡು ಕೊಂಡಿತು. ಯುದ್ಧ ಮುಗಿಸಿ ಮನೆಗೆ ಬಂದ ಹುಡುಗರಿಗೆ ದಿನವೂ ತಮ್ಮ ಗಡ್ಡವನ್ನು ತಾವೇ ಮಾಡಿಕೊಳ್ಳುವ ಚಟ ಅಂಟಿತ್ತು.

ಈ ಮನುಷ್ಯ ಹಣವಂತನಾಗುವ ಮೊದಲೇ, 1894ರಲ್ಲಿ, ಪೈಪೋಟಿಯೇ ಎಲ್ಲ ಕೇಡಿಗೂ ಮೂಲ ಎಂದು ಒಂದು ಪುಸ್ತಕ ಬರೆದಿದ್ದ. ಜನರೆಲ್ಲ ನಯಾಗರಾ ಜಲಪಾತದ ಹತ್ತಿರ ಒಂದೇ ಮಹಾನಗರ ಕಟ್ಟಿಕೊಂಡು, ಒಂದೇ ಕಂಪನಿಯ ಪಾಲುದಾರರಾಗಿ ಬದುಕಬೇಕು ಎಂಬುದು ಅವನ ಕನಸು. ಹಾಗೆ ಬರೆದವನ ಮುಖವೇ ಆಮೇಲೆ ಪ್ರತಿ ಬ್ಲೇಡಿನ ಹೊದಿಕೆಯ ಮೇಲೂ ಅಚ್ಚಾಗಿ ಪೈಪೋಟಿಯ ಅಂಗಡಿಗಳಿಗೆಲ್ಲ ಹೋಯಿತು. ಮುಖದಲ್ಲಿ ದಪ್ಪ ಮೀಸೆ ಇತ್ತು. ಅಷ್ಟನ್ನು ತನ್ನ ಬ್ಲೇಡಿಗೆ ಒಪ್ಪಿಸದೆ ಉಳಿಸಿಕೊಂಡಿದ್ದ.

ಬಿಸಾಡಬಹುದು ಎಂದು ಅವನು ಹೇಳಿದ್ದೇನೋ ಹೌದು. ಆದರೆ ಅವನು ನಮ್ಮಪ್ಪನಂಥವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಪ್ಪನ ಸೆಟ್ಟು ಹಿಡಿಯ ಬುಡ ತಿರುಗಿಸಿದರೆ ತಲೆಯ ಎರಡು ರೆಕ್ಕೆ ತೆರೆದುಕೊಳ್ಳುವಂಥದ್ದು. ಜೊತೆಗೆ ಒಂದು ಬ್ರಷ್ಷು, ಅಂಚು ಜಜ್ಜಿದ ಅಲ್ಯುಮಿನಿಯಂ ಬಟ್ಟಲಲ್ಲಿ ಸೋಪಿನ ಬಿಲ್ಲೆ, ಗಾಯವಾದರೆ ತಿಕ್ಕಲು ಪಟಿಕದ ಕಲ್ಲು. ಬ್ಲೇಡು ಭಾರತ್ ಅಥವಾ ಟೋಪಾಜ್, ಕೈ ಚೆನ್ನಾಗಿರುವ ತಿಂಗಳು ಸೆವೆನ್ ಓ ಕ್ಲಾಕ್. ಹೊಸ ಬ್ಲೇಡು ಬಿಚ್ಚುವುದು ಮನೆಯಲ್ಲಿ ಒಂದು ಸಣ್ಣ ಸಮಾರಂಭ. ಹೊರಗಿನ ಬಣ್ಣದ ಕಾಗದ, ಒಳಗೆ ಮೇಣ ಸವರಿದ ಕಾಗದ, ಅದರೊಳಗೆ ನೀಲಿ ಹೊಳಪಿನ ಆ ಹಾಳೆ. ಉದ್ದ 43 ಮಿಲಿಮೀಟರ್, ಅಗಲ 22, ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನಡುವೆ ಏಣುಏಣಾದ ಕಿಂಡಿ. ಯಾವ ಕಂಪನಿಯ ಬ್ಲೇಡಾದರೂ ಯಾವ ಸೆಟ್ಟಿಗಾದರೂ ಕೂರುತ್ತಿತ್ತು. ಮೊಬೈಲ್ ಚಾರ್ಜರಿನವರು ಇದನ್ನು ನೋಡಿ ಕಲಿಯಬಹುದಿತ್ತು.

ಒಂದು ಬ್ಲೇಡಿನ ಎರಡು ಅಂಚಿಗೂ ಎರಡೆರಡು ಮಗ್ಗುಲು, ಒಟ್ಟು ನಾಲ್ಕು ಎಂಬುದು ಅಪ್ಪನ ಸಿದ್ಧಾಂತ. ಆದ್ದರಿಂದ ದಿನಕ್ಕೊಂದು ಸಲ ತಿರುವಿ ಹಾಕುತ್ತಿದ್ದ. ಮೊಂಡಾಯಿತು ಅನ್ನಿಸಿದಾಗ ಗಾಜಿನ ಲೋಟದ ಒಳಮೈಗೆ ಬ್ಲೇಡನ್ನು ಬೆರಳಿನಿಂದ ಒತ್ತಿ ಹಿಂದೆ ಮುಂದೆ ಉಜ್ಜುತ್ತಿದ್ದ. ಕರ್ ಕರ್ ಎಂಬ ಆ ಸದ್ದಿಗೆ ಅಡುಗೆಮನೆಯಿಂದ, ‘ಹೊಸದು ತಗೊಳ್ಳಿ ಅಂದ್ರೆ, ಕಾಫಿ ಕುಡಿಯೋ ಲೋಟಾನೇ ಬೇಕಾ?’ ಎಂದು ಅಮ್ಮನ ಧ್ವನಿ ಬರುತ್ತಿತ್ತು. ಅಪ್ಪ ಉತ್ತರ ಕೊಡುತ್ತಿರಲಿಲ್ಲ, ಮುಖದ ತುಂಬ ನೊರೆ ಇರುವಾಗ ಬಾಯಿ ತೆರೆಯುವುದು ಅಪಾಯ.

ಮುಖದಿಂದ ನಿವೃತ್ತವಾದ ಬ್ಲೇಡಿಗೆ ಆಮೇಲೆ ಸರ್ಕಾರಿ ನೌಕರರಿಗಿಂತ ಹೆಚ್ಚು ಕೆಲಸ. ಅಮ್ಮನ ಹೊಲಿಗೆ ಬಿಚ್ಚುವ ಅಸ್ತ್ರ ಅದೇ. ಉದ್ದವಾದ ಲಂಗದ ಮಡಿಕೆಯನ್ನು ಪ್ರತಿ ವರ್ಷ ಒಂದು ಸುತ್ತು ಬಿಚ್ಚಿ ಇಳಿಸುವಾಗ ದಾರವನ್ನು ಟಿಕ್ ಟಿಕ್ ಎಂದು ಕೊಯ್ಯುತ್ತಾ ಹೋಗುತ್ತಿದ್ದಳು. ಮಕ್ಕಳಿಗೆ ಪೆನ್ಸಿಲ್ ಹೆರೆಯಲು ಅರ್ಧ ಬ್ಲೇಡು. ಕಾಗದದ ಸಮೇತ ಉದ್ದುದ್ದಕ್ಕೆ ಬಗ್ಗಿಸಿದರೆ ಟಕ್ಕೆಂದು ಎರಡಾಗುತ್ತದೆ, ಬಿಚ್ಚಿ ಬಗ್ಗಿಸಿದರೆ ಬೆರಳೂ ಎರಡಾಗುತ್ತದೆ ಎಂದು ಹೆದರಿಸಿ ಕೊಡುತ್ತಿದ್ದರು. ಮೆಂಡರ್ ಎಂಬ ವಸ್ತು ಜಾಮೆಟ್ರಿ ಬಾಕ್ಸಿಗೆ ಬಂದದ್ದು ತಡವಾಗಿ, ಅದರಲ್ಲಿ ಪೆನ್ಸಿಲ್ಲಿನ ಮೊನೆ ಒಳಗೇ ಮುರಿಯುವುದೇ ಹೆಚ್ಚು. ಅಪ್ಪನ ಕಾಲಿನ ಆಣಿ ಹೆರೆಯಲು, ಕಿಟಕಿ ಗಾಜಿನ ಮೇಲೆ ಸಿಡಿದ ಪೇಂಟು ಕೆರೆಯಲು, ಪತ್ರದ ಮೇಲಿನ ಮುದ್ರೆ ಬೀಳದ ಅಂಚೆಚೀಟಿಯನ್ನು ಎಬ್ಬಿಸಲು, ಎಲ್ಲಕ್ಕೂ ಅದೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ಲಿಗೆ ಸೂರ್ಯಕಾಂತಿಯ ಎಳೆ ದಂಟನ್ನು ಬೆರಳ ನಡುವೆ ಹಿಡಿದು, ಬ್ಲೇಡನ್ನು ನೀರಿನಲ್ಲಿ ಅದ್ದಿ, ಬೆಳಕು ತೂರುವಷ್ಟು ತೆಳ್ಳಗಿನ ಬಿಲ್ಲೆ ಕೊಯ್ಯಬೇಕು. ತರಗತಿಯಲ್ಲಿ ದಂಟು ಕೊಯ್ದವರಿಗಿಂತ ಬೆರಳು ಕೊಯ್ದುಕೊಂಡವರೇ ಹೆಚ್ಚು. ಸಂತೆ, ಜಾತ್ರೆ, ತುಂಬಿದ ಬಸ್ಸುಗಳಲ್ಲಿ ಅಂಗಿಯ ಒಳಜೇಬನ್ನು ಒಡೆಯನಿಗೆ ತಿಳಿಯದಂತೆ ಸೀಳುವವರದೂ ಇದೇ ಅರ್ಧ ಬ್ಲೇಡು. ಅವರ ಕೈ ಮಾತ್ರ ಎಂದೂ ನಡುಗುವುದಿಲ್ಲ, ಸಸ್ಯಶಾಸ್ತ್ರಕ್ಕೆ ಬಂದಿದ್ದರೆ ಡಿಸ್ಟಿಂಕ್ಷನ್ ಖಂಡಿತ.

ಅಂದಹಾಗೆ ಬ್ಲೇಡು ಮೊಂಡಾಗುವುದೇಕೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಉಕ್ಕಿಗಿಂತ ಕೂದಲು ಸುಮಾರು ಐವತ್ತು ಪಟ್ಟು ಮೆದು. ಮೆದುವಾದದ್ದು ಗಟ್ಟಿಯಾದದ್ದನ್ನು ಸವೆಸಬಾರದು. ಎಂಐಟಿಯಲ್ಲಿ ಜಾನ್‌ಲೂಕಾ ರೋಶಿಯೋಲಿ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಮುಖದ ಗಡ್ಡವನ್ನೇ ಹೆರೆದು, ಪ್ರತಿ ಸಲವೂ ಬ್ಲೇಡಿನ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. 2020ರಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಲಗು ಎಲ್ಲ ಕಡೆ ಸಮವಾಗಿ ಸವೆಯುವುದಿಲ್ಲ, ಅಲ್ಲಲ್ಲಿ ಚಿಕ್ಕ ಚಿಕ್ಕ ಚೂರು ಎದ್ದುಹೋಗುತ್ತದೆ. ಕೂದಲು ಬ್ಲೇಡಿಗೆ ಓರೆಯಾಗಿ ಬಾಗಿ ತಾಗಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ಅಪ್ಪ ಲೋಟಕ್ಕೆ ಉಜ್ಜಿ ಸರಿಮಾಡಲು ಹೊರಟಿದ್ದದ್ದು ಇದನ್ನು.

ಎಂಐಟಿಗೂ ಗಡ್ಡಕ್ಕೂ ಏನೋ ಋಣಾನುಬಂಧ ಇರಬೇಕು. ಜಿಲೆಟ್ ಕಂಪನಿ ಭಾರತಕ್ಕೆಂದು ವೆಕ್ಟರ್ ಎಂಬ ರೇಜರ್ ಮಾಡಿದಾಗ, ತಾನಿದ್ದ ಬಾಸ್ಟನ್ನಿನಿಂದ ಭಾರತ ದೂರವಾಯಿತೆಂದು ಪಕ್ಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ಹುಡುಗರ ಕೈಗೇ ಕೊಟ್ಟು ಪರೀಕ್ಷೆ ಮಾಡಿಸಿತು. ಹುಡುಗರು ಭೇಷ್ ಅಂದರು. 2002ರಲ್ಲಿ ಇಲ್ಲಿಗೆ ತಂದರೆ ಜನ ಅದನ್ನು ಒಪ್ಪಲಿಲ್ಲ. ಎರಡು ಬ್ಲೇಡುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕೂದಲು ಬರುವುದೇ ಇಲ್ಲ! ಎಂಐಟಿಯ ಹುಡುಗರು ಹರಿಯುವ ನಲ್ಲಿಯ ಕೆಳಗೆ ತೊಳೆಯುತ್ತಿದ್ದರು. ಇಲ್ಲಿಯವರು ಒಂದು ಲೋಟ ನೀರಿಟ್ಟುಕೊಂಡು, ಅದರಲ್ಲೇ ಅದ್ದಿ ಅದ್ದಿ, ಕೊನೆಗೆ ಮಿಕ್ಕಿದ್ದನ್ನು ಬ್ರಷ್ಷಿಗೂ ಸುರಿಯುವವರು. ಆಮೇಲೆ ಕಂಪನಿಯವರು ಇಲ್ಲಿಗೇ ಬಂದು, ನೆಲದ ಮೇಲೆ ಕೂತು ಪುಟ್ಟ ಕನ್ನಡಿಯಲ್ಲಿ ಗಡ್ಡ ಮಾಡಿಕೊಳ್ಳುವ ಜನರನ್ನು ಗಂಟೆಗಟ್ಟಲೆ ನೋಡಿ, 2010ರಲ್ಲಿ ಒಂದೇ ಬ್ಲೇಡಿನ ಗಾರ್ಡ್ ತಂದರು. ರೇಜರಿಗೆ 15 ರೂಪಾಯಿ, ಬ್ಲೇಡಿಗೆ 5 ರೂಪಾಯಿ. ಅದು ನಡೆಯಿತು. ನಮ್ಮ ಮುಖ ಬಾಸ್ಟನ್ನಿನಲ್ಲೂ ಸಿಗುತ್ತದೆ, ನಮ್ಮ ಲೋಟ ಸಿಗುವುದಿಲ್ಲ.

ಅದೇ ಕಂಪನಿ ತನ್ನೂರಿನಲ್ಲಿ ಎಣಿಕೆ ಏರಿಸುತ್ತಾ ಹೋಯಿತು. 1971ರಲ್ಲಿ ಎರಡು ಬ್ಲೇಡು, 1998ರಲ್ಲಿ ಮೂರು, 2006ರಲ್ಲಿ ಐದು. ಮೊದಲನೆಯದು ಕೂದಲನ್ನು ಎಳೆಯುತ್ತದಂತೆ, ಎರಡನೆಯದು ಕೊಯ್ಯುತ್ತದಂತೆ. ಐದನೆಯದು ಏನು ಮಾಡುತ್ತದೆ ಎಂದರೆ ಬೆಲೆ ಏರಿಸುತ್ತದೆ ಎಂಬುದು ನನ್ನ ಗುಮಾನಿ. ಆಕಮ್ ಇದ್ದಿದ್ದರೆ ನಾಲ್ಕನ್ನು ಕಿತ್ತು ಹಾಕುತ್ತಿದ್ದ. ನಮ್ಮ ಭಾವಮೈದ ದುಬೈನಿಂದ ತಂದುಕೊಟ್ಟ ಐದು ಬ್ಲೇಡಿನ ರೇಜರನ್ನು ನಾನು ಹಬ್ಬಕ್ಕೆ, ಮದುವೆಗೆ ಎಂದು ಎತ್ತಿಟ್ಟಿದ್ದೆ. ಒಂದು ದಿನ ನೋಡಿದರೆ ಅದರ ತುಂಬ ನೇರಳೆ ಉಣ್ಣೆಯ ಜುಂಗು. ‘ಸ್ವೆಟರ್ ಮೇಲೆ ಎದ್ದಿದ್ದ ಗಂಟೆಲ್ಲಾ ಎಷ್ಟ್ ಚೆನ್ನಾಗಿ ಬಂತು ನೋಡ್ರೀ’ ಎಂದು ಹೆಂಡತಿ ಸ್ವೆಟರ್ ತೋರಿಸಿದಳು. ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಐದು ಬ್ಲೇಡಿನ ಉಪಯೋಗ ನನಗೆ ತಿಳಿದದ್ದು ಆಗಲೇ.

ಅಂಗಡಿಯ ಕತ್ತಿಯೂ ಬದಲಾಯಿತು. ಏಡ್ಸಿನ ಭಯ ಹಬ್ಬಿದ ಕಾಲದಲ್ಲಿ ಮಸೆಯುವ ಕತ್ತಿ ಹಿಂದೆ ಸರಿದು, ಅದೇ ಆಕಾರದ ಹಿಡಿಗೆ ಅರ್ಧ ಬ್ಲೇಡು ಸಿಕ್ಕಿಸುವ ಪದ್ಧತಿ ಬಂತು. ಈಗ ಕುರ್ಚಿಯಲ್ಲಿ ಕೂತವನ ಕಣ್ಣೆದುರೇ ಕಾಗದದೊಳಗಿನ ಬ್ಲೇಡನ್ನು ಟಕ್ಕೆಂದು ಮುರಿದು ತೋರಿಸಿ ಹಾಕುತ್ತಾರೆ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಡಲು ಹೋದರೂ ಟೋಕನ್ನಿನ ಜೊತೆ ಬ್ಲೇಡು ಕೊಟ್ಟೇ ಒಳಗೆ ಬಿಡುತ್ತಾರೆ. ಮಂಗಳವಾರ ಮಾತ್ರ ಇಂದಿಗೂ ಅಂಗಡಿ ಬಾಗಿಲು ಹಾಕಿರುತ್ತದೆ. ಪಂಚಾಂಗ ನೋಡದವರೂ ಇದೊಂದನ್ನು ಪಾಲಿಸಲೇಬೇಕು.

ನನ್ನ ಮಗನಿಗೆ ಇದಾವುದರ ಗೊಡವೆಯೂ ಇಲ್ಲ. ‘ಕೆಜಿಎಫ್’ ಬಂದ ಮೇಲೆ ಅವನ ವಾರಿಗೆಯವರೆಲ್ಲ ಗಡ್ಡದವರೇ. ಅದಕ್ಕೊಂದು ಎಣ್ಣೆ, ಒಂದು ಬಾಚಣಿಗೆ. ರಷ್ಯಾದ ಪೀಟರ್ ದೊರೆ ಗಡ್ಡಕ್ಕೆ ತೆರಿಗೆ ಹಾಕಿ, ಕಟ್ಟಿದವರಿಗೆ ರಸೀತಿಯಂತೆ ಲೋಹದ ಬಿಲ್ಲೆ ಕೊಡುತ್ತಿದ್ದ ಎಂದು ಒಮ್ಮೆ ಹೇಳಿದೆ. ‘ಜಿಎಸ್‌ಟಿ ಎಣ್ಣೆ ಮೇಲೆ ಆಗ್ಲೇ ಕಟ್ಟಿದೀನಪ್ಪಾ’ ಅಂದ. ಅವನೂ ಕುತ್ತಿಗೆಯ ಕೆಳಗೆ ಗೆರೆ ತಿದ್ದಲು ವಾರಕ್ಕೊಮ್ಮೆ ಒಂದು ಪ್ಲಾಸ್ಟಿಕ್ ರೇಜರ್ ಹಿಡಿಯುತ್ತಾನೆ, ತಿದ್ದಿ ಡಬ್ಬಿಗೆ ಎಸೆಯುತ್ತಾನೆ. ಪೆನ್ಸಿಲ್ ಹೆರೆಯಲಿಕ್ಕೂ, ಹೊಲಿಗೆ ಬಿಚ್ಚಲಿಕ್ಕೂ ಅದು ಬರುವುದಿಲ್ಲ.

ಎಸೆಯುವುದು ಎಲ್ಲಿಗೆ ಎಂಬುದನ್ನು ಜಿಲೆಟ್ ಯೋಚಿಸಿರಲಿಲ್ಲ. ಕಳೆದ ಶತಮಾನದ ನಡುವಿನ ಅಮೆರಿಕದ ಮನೆಗಳಲ್ಲಿ ಬಚ್ಚಲಿನ ಗೋಡೆಯ ಔಷಧಿ ಪೆಟ್ಟಿಗೆಯ ಹಿಂಭಾಗದಲ್ಲಿ ಒಂದು ಸಣ್ಣ ಸೀಳು ಇರುತ್ತಿತ್ತು. ಹಳೇ ಬ್ಲೇಡನ್ನು ಅದರೊಳಗೆ ತೂರಿಸಿದರೆ ಗೋಡೆಯ ಟೊಳ್ಳಿನೊಳಗೆ ಬೀಳುತ್ತಿತ್ತು, ಅಷ್ಟೇ ವ್ಯವಸ್ಥೆ. ಇಂದು ಆ ಮನೆಗಳನ್ನು ಒಡೆದು ರಿಪೇರಿ ಮಾಡುವವರ ಮುಂದೆ ತುಕ್ಕು ಹಿಡಿದ ಬ್ಲೇಡುಗಳ ರಾಶಿಯೇ ಸುರಿಯುತ್ತದೆ. ನಮ್ಮದು ಇಟ್ಟಿಗೆ ಗೋಡೆ, ಟೊಳ್ಳಿಲ್ಲ. ನಾವು ಬಚ್ಚಲಿನ ಗವಾಕ್ಷಿಯ ಅಂಚಿನಲ್ಲಿ ಇಟ್ಟೆವು. ಯಾವ ಹಳೇ ಮನೆಯ ಬಚ್ಚಲಲ್ಲಾದರೂ ಕೈ ಎತ್ತಿ ತಡವಿ (ಬೇಡ, ತಡವಬೇಡಿ, ಸ್ಟೂಲ್ ಹತ್ತಿ ನೋಡಿ), ಸುಣ್ಣಕ್ಕೆ ತುಕ್ಕಿನ ಕಲೆ ಬಿಟ್ಟು ಅಂಟಿಕೊಂಡ ನಾಲ್ಕಾರು ಬ್ಲೇಡು ಇದ್ದೇ ಇರುತ್ತವೆ. ಮನೆ ಮಾರಿ ಹೋಗುವವರೂ ಅವನ್ನು ಹಾಗೇ ಬಿಟ್ಟು ಹೋಗುತ್ತಾರೆ.

ಈಗಿನ ಫ್ಲ್ಯಾಟುಗಳ ಬಚ್ಚಲಲ್ಲಿ ಗವಾಕ್ಷಿಯ ಜಾಗಕ್ಕೆ ಎಕ್ಸಾಸ್ಟ್ ಫ್ಯಾನು ಬಂದಿದೆ. ಬ್ಲೇಡು ನೇರ ಕಸದ ಡಬ್ಬಿಗೆ, ಅಲ್ಲಿಂದ ಬಾಳೆಹಣ್ಣಿನ ಸಿಪ್ಪೆಯ ಜೊತೆ ಬೆಳಗಿನ ಗಾಡಿಗೆ. ಅಲ್ಲಿ ಹಸಿ ಕಸ, ಒಣ ಕಸ ಎಂದು ನಾವು ಬೇರೆ ಮಾಡದೆ ಕೊಟ್ಟದ್ದನ್ನು ಕೈಯಿಂದ ಬೇರೆ ಮಾಡುವವರು ಪೌರಕಾರ್ಮಿಕರು, ಹೆಚ್ಚಿನವರು ಹೆಂಗಸರು. ನಮ್ಮ ಬೀದಿಗೆ ಬರುವಾಕೆಯ ಬೆರಳಿಗೆ ಒಂದು ಸಲ ದಪ್ಪ ಬಟ್ಟೆ ಸುತ್ತಿತ್ತು. ಏನಮ್ಮಾ ಅಂದದ್ದಕ್ಕೆ, ‘ಬಿಲೇಡು ಸ್ವಾಮಿ, ಯಾರ ಮನೇದೋ’ ಅಂದರು.

ಆದ್ದರಿಂದ ಓದಿದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಮುಚ್ಚಳ ಗಟ್ಟಿಯಾಗಿರುವ ಹಳೇ ತಗಡಿನ ಡಬ್ಬಿಯೊಂದನ್ನು ಹುಡುಕಿ, ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ ಬಚ್ಚಲಲ್ಲಿಡಿ. ಅದು ತುಂಬುವುದಕ್ಕೆ ವರ್ಷಗಳೇ ಬೇಕು. ಪ್ಲಾಸ್ಟಿಕ್ ರೇಜರಾದರೆ ಎರಡು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆ ಕಸಕ್ಕೆ ಸೇರಿಸದೆ, ಒಳಗಿರುವುದು ಬ್ಲೇಡು ಎಂದು ಬಾಯಿಬಿಟ್ಟು ಹೇಳಿ ಕೊಡಿ. ಅವರ ಕೈಗೆ ಗ್ಲೌಸ್ ಇದ್ದರೂ ಈ ಮಾತು ಹೇಳಬೇಕು, ಗಡ್ಡಕ್ಕೆ ಮೊಂಡಾದ ಬ್ಲೇಡು ಬೆರಳಿಗೆ ಮೊಂಡಾಗಿರುವುದಿಲ್ಲ.